ನಿಂಬೆಹಣ್ಣಿನ ತಂತಿ

ಶಹಾಪುರದ ಆ ಮೆಕ್ಯಾನಿಕ್ ಪಾನಾ ಹಿಡಿಯುವ ಮೊದಲು ಕೈಯೆತ್ತಿ ಗಿರಾಕಿಯ ಬಾಯಿ ಮುಚ್ಚಿಸುತ್ತಿದ್ದ. "ಸುಮ್ಮನಿರ್ರಿ, ಇಂಜಿನ್ ಮಾತಾಡಾಕತ್ತದ."

ನನ್ನ ಪಿಕಪ್ ನಿಂತಲ್ಲೇ ಗಡಗಡ ನಡುಗುತ್ತಿತ್ತು. ಸುರಪುರದಲ್ಲಿ ಇಬ್ಬರಿಗೆ ತೋರಿಸಿದರೂ ಸರಿಹೋಗದೆ ಸಿಟ್ಟು ನೆತ್ತಿಗೇರಿತ್ತು.

"ಯಾರದೋ ದೃಷ್ಟಿ ತಾಗ್ಯದ," ಎಂದು ರೇಗಿದೆ.

"ಸುಮ್ಮನಿರ್ರಿ!"

ಬಾನೆಟ್ ಎತ್ತಿ ಡೀಸೆಲ್ ಪೈಪನ್ನು ಬೆರಳಿನಿಂದ ಸವರುತ್ತ ಹೋದವನು ಒಂದೆಡೆ ನಿಂತು ಕೆಂಡವಾದ. ಅಮಾವಾಸ್ಯೆಗೆ ನಾನೇ ನಿಂಬೆಹಣ್ಣು ಕಟ್ಟಿದ್ದ ತಂತಿ ಪೈಪನ್ನು ಕೊಯ್ದಿತ್ತು. ಅಲ್ಲಿಂದ ಒಳಗೆ ಗಾಳಿ ಸೇರುತ್ತಿತ್ತು.

"ಕಟ್ಟಾಕ ಬಂಪರ್ ಇದ್ದಿಲ್ಲೇನ್ರಿ? ಗಂಟಲಿಗೇ ಉರುಲು ಹಾಕೀರಲ್ರಿ!"

ಹೊಸ ಪೈಪು ಹಾಕಿ, ಸೇರಿದ್ದ ಗಾಳಿ ತೆಗೆದ. ಇಂಜಿನ್ ನಡುಕ ಬಿಟ್ಟು ಸಮನಾಗಿ ಓಡತೊಡಗಿತು. ನಾನು ಏನೋ ಹೇಳಲು ಹೋದೆ. ಆ ತಂತಿಯನ್ನು ನನ್ನ ಅಂಗೈಗೆ ಒಗೆದ.

"ದೃಷ್ಟಿ ತಾಗಿದ್ದು ಖರೆ. ಆದ್ರ ಅದು ನಿಮ್ದ."