ಎರಡು ಗೂಟಗಳ ನಡುವೆ

ಬಾವುಟದಣ್ಣನ ಕೆಲಸ ಏನೆಂದು ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಬೆಳಿಗ್ಗೆ ಕಂಬಕ್ಕೆ ಕೆಂಪು ಬಾವುಟ ಏರಿಸಬೇಕು, ಸಂಜೆ ಇಳಿಸಬೇಕು. ಇಷ್ಟಕ್ಕೂ ಸರ್ಕಾರ ಸಂಬಳ ಕೊಡುತ್ತದಾ ಎಂದು ಅವನಿಗೆ ಹೆಣ್ಣು ಕೊಟ್ಟ ಮಾವನೇ ಕೇಳಿದ್ದನಂತೆ. ಕೊಡುತ್ತದೆ ಸ್ವಾಮಿ, ಯಾಕೆ ಕೊಡಬಾರದು? ಊರಂಚಿನಲ್ಲಿ ಸೇನೆಯವರು ಗುಂಡು ಹಾರಿಸಿ ಅಭ್ಯಾಸ ಮಾಡುವ ಬಯಲಿದೆ. ಒಂದು ಕಡೆ ನದಿ, ಮೂರು ಕಡೆ ತಂತಿಬೇಲಿ, ನಡುವೆ ಕಣ್ಣು ಹಾಯುವಷ್ಟು ದೂರಕ್ಕೂ ಮರಳು. ಬಾವುಟ ಮೇಲಿದ್ದರೆ ದನ ಮೇಯಿಸುವವರು, ಮೀನು ಹಿಡಿಯುವವರು ಯಾರೂ ಆ ಕಡೆ ಸುಳಿಯಬಾರದು ಎಂದರ್ಥ. ಅವನು ಕೆಲಸಕ್ಕೆ ಸೇರಿದ ಮೇಲೆ ಒಂದು ಆಡಿನ ಮರಿಗೂ ಏನೂ ಆಗಿರಲಿಲ್ಲ. ಈ ಮಾತನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಬಾವುಟದ ಜೊತೆಗೆ ಗೋದಾಮೂ ಅವನದೇ ಸುಪರ್ದಿ. ಗುರಿಹಲಗೆ, ಹಗ್ಗ, ಹಾರೆ, ತುದಿಗೆ ಬಿಳಿ ಬಣ್ಣ ಬಳಿದ ಗೂಟಗಳು. ಬಣ್ಣ ಬಳಿಯುವವನೂ ಅವನೇ. ಕೆಲಸದಲ್ಲಿ ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು. ಮನೆಯಲ್ಲಿ ಚಪ್ಪಲಿ ಒಂದಿಷ್ಟು ಸೊಟ್ಟಗಿದ್ದರೂ ಸರಿಪಡಿಸಿ ಒಳಗೆ ಬರುವ ಆಸಾಮಿ. ಹೆಂಡತಿಗೆ ಇದೇ ದೊಡ್ಡ ತಲೆನೋವು.

ಅವನಿಗೊಬ್ಬಳು ಅಕ್ಕ ಇದ್ದಳು. ತಾಯಿ ಬೇಗ ಹೋದ ಮೇಲೆ ಅವನಿಗೆ ತುತ್ತು ಕೊಟ್ಟವಳು, ಕಿವಿ ಹಿಂಡಿ ಮಗ್ಗಿ ಕಲಿಸಿದವಳು. ಮದುವೆಯಾಗಲಿಲ್ಲ, ಶಾಲೆಯಲ್ಲಿ ಪಾಠ ಹೇಳಿಕೊಂಡೇ ಕೂದಲು ನರೆಸಿಕೊಂಡಳು. ಬಾಯಿ ಜೋರು. ನಿವೃತ್ತಿಯಾದ ಮೇಲೆ ದಿನಾ ಸಂಜೆ ಬೇಲಿಯ ಹೊರಗೆ ಒಂದು ಮಡಚುವ ಕುರ್ಚಿ ಹಾಕಿಕೊಂಡು, ದುರ್ಬೀನು ಹಿಡಿದು, ಮರಳುಹಕ್ಕಿ ನೋಡುತ್ತ ಕೂರುವುದು ಅವಳ ಅಭ್ಯಾಸವಾಯಿತು. ಮರಳಿನದೇ ಬಣ್ಣದ ಪುಟ್ಟ ಹಕ್ಕಿ ಅದು. ಗೂಡು ಎಂಬ ರಗಳೆಯೇ ಅದಕ್ಕಿಲ್ಲ, ಬರಿ ಮರಳಲ್ಲಿ ಎದೆಯಿಂದ ಒತ್ತಿ ಒಂದು ಗುಳಿ ಮಾಡಿ ಮೊಟ್ಟೆ ಇಡುತ್ತದೆ. ನದಿಯ ಉಳಿದ ದಂಡೆಯನ್ನೆಲ್ಲ ಮರಳು ತೋಡುವವರು ಗೋರಿಕೊಂಡು ಹೋಗಿದ್ದರಿಂದ ಆ ಹಕ್ಕಿಗೆ ಉಳಿದದ್ದು ಸೇನೆಯ ಬೇಲಿಯೊಳಗಿನ ಮರಳೊಂದೇ.

ಮೊಟ್ಟೆ ಇಡುವ ಎರಡು ತಿಂಗಳು ಇಂಥ ಹಕ್ಕಿಗಳ ತಂಟೆಗೆ ಯಾರೂ ಹೋಗಬಾರದು ಎಂದು ಕಾನೂನಿದೆ. ಆದರೆ ಅದೇ ಕಾನೂನಿನ ಕೊನೆಗೆ ಇನ್ನೊಂದು ಸಾಲೂ ಇದೆ: ದೇಶದ ರಕ್ಷಣೆಯ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ. ಸೇನೆಯವರು ಆ ಸಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಕ್ಕ ಕೋರ್ಟಿಗೆ ಹೋದಳು.

"ಯುದ್ಧ ಬಂದ್ರೆ ನಾನೇ ಹೋಗಿ ಹಕ್ಕಿ ಓಡಿಸ್ತೀನಿ. ಇದು ಯುದ್ಧ ಅಲ್ವಲ್ಲ, ಅಭ್ಯಾಸ. ಎರಡು ತಿಂಗಳು ಆ ಕಡೆ ಸರಿದು ಅಭ್ಯಾಸ ಮಾಡಿದ್ರೆ ದೇಶ ಮುಳುಗಿಹೋಗುತ್ತಾ?" ಎಂಬುದು ಅವಳ ವಾದ.

ಸಿಕ್ಕಿಬಿದ್ದವನು ತಮ್ಮ. ಕಚೇರಿಯಲ್ಲಿ ಅವನನ್ನು ಕಂಡರೆ ಸಾಕು, "ಏನಪ್ಪಾ, ನಿಮ್ಮಕ್ಕ ನಮ್ಮನ್ನೆಲ್ಲ ಜೈಲಿಗೆ ಹಾಕಿಸ್ತಾರಂತೆ?" ಎಂದು ಕಿಚಾಯಿಸುವವರೇ. ಒಂದು ದಿನ ತಡೆಯಲಾರದೆ ಅಕ್ಕನ ಮನೆಗೆ ಹೋದ.

"ಕೇಸು ವಾಪಸ್ ತಗೋ ಅಕ್ಕ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ನಿನ್ನ ಹೊಟ್ಟೆ ಅಷ್ಟು ದಪ್ಪ ಆಗಿದ್ದೇ ನನ್ನ ಕೈತುತ್ತಿಂದ ಕಣೋ. ಹೋಗು, ಹೋಗು."

ಅವನು ಹೋದ. ಹೋದವನು ವರ್ಷಗಟ್ಟಲೆ ಆ ಹೊಸ್ತಿಲು ತುಳಿಯಲಿಲ್ಲ. ಅವಳೂ ಇವನ ಮನೆ ಕಡೆ ತಲೆ ಹಾಕಲಿಲ್ಲ. ಸಂಜೆ ಬಾವುಟ ಇಳಿಸುವಾಗ ಅವನಿಗೆ ಬೇಲಿಯಾಚೆ ಅಕ್ಕನ ಕುರ್ಚಿ ಕಾಣುತ್ತಿತ್ತು. ಇಬ್ಬರೂ ನೋಡಿಯೂ ನೋಡದವರಂತೆ ಇರುತ್ತಿದ್ದರು. ಎಂಥ ಹಟ ಅಂತೀರಿ!

ಕೊನೆಗೆ ತೀರ್ಪು ಬಂತು. ಯುದ್ಧ ಬೇರೆ, ಯುದ್ಧದ ಅಭ್ಯಾಸ ಬೇರೆ, ಅಭ್ಯಾಸಕ್ಕೆ ಕಾನೂನು ಅನ್ವಯಿಸುತ್ತದೆ ಎಂದರು ನ್ಯಾಯಾಧೀಶರು. ಅಕ್ಕ ಗೆದ್ದಳು, ಆದರೆ ಪೂರ್ತಿ ಅಲ್ಲ. ಆ ವರ್ಷದ ಟ್ಯಾಂಕು ಅಭ್ಯಾಸಕ್ಕೆ ಆಗಲೇ ದಿನ ನಿಗದಿಯಾಗಿಬಿಟ್ಟಿತ್ತು. ಹಾಗಾಗಿ ಅದೊಂದು ಸಲ ಗೂಡುಗಳಿಗೆ ಗುರುತು ಹಾಕಿ, ಟ್ಯಾಂಕುಗಳು ಅವನ್ನು ತಪ್ಪಿಸಿ ಓಡಾಡಲಿ. ಮರಿಗಳು ಹಾರಿದರೆ ಮುಂದಿನ ವರ್ಷದಿಂದ ಆ ಎರಡು ತಿಂಗಳು ಬಯಲು ಖಾಯಂ ಆಗಿ ಹಕ್ಕಿಗೆ. ಗೂಡೇ ಉಳಿಯದಿದ್ದರೆ ಕಾಪಾಡಲು ಏನೂ ಇಲ್ಲ, ಕೇಸು ಮುಗಿದಂತೆ. ಗುರುತು ಹಾಕುವವನು ಬಯಲಿನೊಳಗೆ ಹೋಗಲು ಅನುಮತಿ ಇರುವವನಾಗಿರಬೇಕು, ಯಾರೆಂದು ಅರ್ಜಿ ಹಾಕಿದವರೇ ಹೇಳಲಿ ಎಂದೂ ಆಯಿತು.

ಅಕ್ಕ ಅವತ್ತು ಸಂಜೆಯೇ ತಮ್ಮನ ಮನೆಗೆ ಬಂದಳು. ಬಾಗಿಲಲ್ಲಿ ಅವಳನ್ನು ಕಂಡು ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೆಂಡತಿ ಓಡಿ ಬಂದು ಕುರ್ಚಿ ಎಳೆದುಕೊಟ್ಟಳು.

"ನಿನ್ನ ಹೆಸರು ಕೊಟ್ಟಿದೀನಿ," ಎಂದಳು ಅಕ್ಕ, ಕೂರುವುದಕ್ಕೂ ಮುಂಚೆ. "ಕೇಳದೇ ಕೊಟ್ಟೆ. ಬೈಯೋದಿದ್ರೆ ಬೈದುಬಿಡು."

"ನನ್ನ ಹೆಸರು ಯಾಕೆ?"

"ಮತ್ತಿನ್ಯಾರದ್ದು ಕೊಡ್ಲಿ? ನೀನು ಮಾಡೋ ಕೆಲಸದಲ್ಲಿ ಯಾವತ್ತಾದ್ರೂ ತಪ್ಪು ನೋಡಿದೀನಾ ನಾನು?"

ಹುಟ್ಟಿದಾಗಿನಿಂದ ಅಕ್ಕನ ಬಾಯಲ್ಲಿ ಅವನು ಕೇಳಿದ ಮೊದಲ ಹೊಗಳಿಕೆ ಅದು. ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿಗೆ ಕಾಣಬಾರದೆಂದು ಗಡಿಯಾರಕ್ಕೆ ಕೀಲಿ ಕೊಡುವ ನೆಪದಲ್ಲಿ ಗೋಡೆಯ ಕಡೆ ತಿರುಗಿಕೊಂಡ.

ಆಮೇಲೆ ಅವನ ಉತ್ಸಾಹ ನೋಡಬೇಕಿತ್ತು. ಪರಿಸರ ಇಲಾಖೆಯ ಅಧಿಕಾರಿಣಿಯೊಬ್ಬಳು ಬಂದು, "ದೂರಕ್ಕೆ ಕಾಣೋ ಹಾಗೆ ಏನಾದ್ರೂ ನೆಡಿ ಸಾಕು," ಎಂದು ಹೇಳಿ ಹೋದಳು. ಗೋದಾಮಿನಲ್ಲಿ ಬಿಳಿ ತಲೆಯ ಗೂಟಗಳು ರಾಶಿ ಇದ್ದವು. ಹಕ್ಕಿ ಬೆದರಬಾರದೆಂದು ಅವನು ಮಂಡಿ ಊರಿಕೊಂಡು, ಉಸಿರು ಬಿಗಿಹಿಡಿದು ಮರಳಲ್ಲಿ ತೆವಳಿದ. ಪಕ್ಕದಲ್ಲೇ ಗೂಟ ನೆಟ್ಟರೆ ಹಕ್ಕಿ ಮೊಟ್ಟೆ ಬಿಟ್ಟು ಹೋದೀತು ಎಂಬ ಭಯ. ಅದಕ್ಕೇ ಗೂಡಿನಿಂದ ದೂರದಲ್ಲಿ ಈ ಬದಿಗೊಂದು, ಆ ಬದಿಗೊಂದು, ಹೀಗೆ ಪ್ರತಿ ಗೂಡಿಗೂ ಎರಡೆರಡು ಗೂಟ ನೆಟ್ಟ. ಇಪ್ಪತ್ತಕ್ಕೂ ಹೆಚ್ಚು ಗೂಡುಗಳಿದ್ದವು. ಬೇಲಿಯಾಚೆ ಕುರ್ಚಿಯಲ್ಲಿ ಕೂತ ಅಕ್ಕ ದುರ್ಬೀನಿನಲ್ಲಿ ನೋಡುತ್ತ, "ಇನ್ನೂ ಸ್ವಲ್ಪ ಎಡಕ್ಕೆ! ಆ ಕಡೆ ಕಣೋ, ಎಡಗೈ ಯಾವುದು ಅಂತಾನೂ ಮರೆತುಹೋಯ್ತಾ?" ಎಂದು ಕೂಗುತ್ತಿದ್ದಳು. ಅವನು ನಗುತ್ತಿದ್ದ. ಆ ವಾರದಷ್ಟು ಸಂತೋಷವಾಗಿ ಅವನು ಇದ್ದದ್ದೇ ಇಲ್ಲ.

ಅಭ್ಯಾಸದ ದಿನ ಬೆಳಿಗ್ಗೆ ಬೇರೆ ಊರಿನಿಂದ ಬಂದ ಹೊಸ ಟ್ಯಾಂಕು ಪಡೆಗೆ ಕಮಾಂಡರ್ ತಾಕೀತು ಮಾಡಿದ: "ಕೋರ್ಟಿನ ಆದೇಶ ಇದೆ. ಗೂಟ ನೋಡಿಕೊಂಡು ಓಡಿಸಿ. ಒಂದು ಗೂಟಕ್ಕೆ ತಾಗಿಸಿದ್ರೂ ನನ್ನ ಹತ್ತಿರ ಮಾತಾಡಬೇಕಾಗುತ್ತೆ." ಬಾವುಟದಣ್ಣ ಅದನ್ನು ಕಿವಿಯಾರೆ ಕೇಳಿಸಿಕೊಂಡು, ನೆಮ್ಮದಿಯಿಂದ ಬಾವುಟ ಏರಿಸಿ, ಕಾವಲು ಗೋಪುರ ಹತ್ತಿದ.

ಟ್ಯಾಂಕುಗಳು ಸಾಲಾಗಿ ಬಂದವು. ಮರಳಿನ ಹತ್ತಿರ ಬರುತ್ತಿದ್ದಂತೆ ವೇಗ ತಗ್ಗಿಸಿದವು. ಎಷ್ಟು ಹುಷಾರು ನೋಡು ಎಂದುಕೊಂಡ ಇವನು. ಮೊದಲನೆಯದು ನಿಧಾನವಾಗಿ ಒಂದು ಜೊತೆ ಗೂಟದ ಕಡೆ ಮೂತಿ ತಿರುಗಿಸಿತು. ಸರಿಯಾಗಿ ಎರಡರ ನಡುವೆ ಹೋಯಿತು. ಎರಡನೆಯದು ಇನ್ನೊಂದು ಜೊತೆಯ ನಡುವೆ ಹೋಯಿತು.

ಆಗ ಅವನಿಗೆ ಹೊಳೆಯಿತು. ನೆಲಬಾಂಬು ತೆಗೆಯುವ ಅಭ್ಯಾಸದಲ್ಲಿ ಮುಂದಿನ ತಂಡ ದಾರಿ ಚೊಕ್ಕ ಮಾಡುತ್ತ, ಎರಡೂ ಬದಿಗೆ ಬಿಳಿ ಗೂಟ ನೆಟ್ಟುಕೊಂಡು ಹೋಗುತ್ತದೆ. ಇಲ್ಲಿ ಅಪಾಯ ಇಲ್ಲ, ಈ ಎರಡರ ನಡುವೆಯೇ ಬನ್ನಿ ಎಂದು ಅದರ ಅರ್ಥ. ಸೈನಿಕರಿಗೆ ಅದು ಮೊದಲ ಪಾಠ. ಇದು ಅವನಿಗೆ ಗೊತ್ತಿರಲಿಲ್ಲವಾ? ಅಯ್ಯೋ, ಆ ಗೂಟಗಳನ್ನು ಅದೇ ಕೆಲಸಕ್ಕೆಂದು ಜೀವಮಾನವೆಲ್ಲ ಎತ್ತಿ ಕೊಟ್ಟವನೇ ಅವನು! ಗೂಡಿನ ಮುಂದೆ ಮಂಡಿ ಊರಿದಾಗ ತಲೆಯಲ್ಲಿ ಹಕ್ಕಿ ಇತ್ತು, ಅಕ್ಕ ಇದ್ದಳು. ಅದೊಂದು ಹೊಳೆಯಲಿಲ್ಲ, ಅಷ್ಟೇ.

ಏಣಿ ಇಳಿದು ಫೋನು ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಭ್ಯಾಸ ಮುಗಿಸಿ ಟ್ಯಾಂಕಿನಿಂದ ಇಳಿದ ಚಾಲಕನೊಬ್ಬ ಬೆವರು ಒರೆಸಿಕೊಳ್ಳುತ್ತ, "ನೋಡಿ ಅಣ್ಣ, ಒಂದೇ ಒಂದು ಗೂಟಕ್ಕೂ ತಾಗಿಸಿಲ್ಲ," ಎಂದು ಹೆಮ್ಮೆಯಿಂದ ಹೇಳಿದ. "ಹೂಂ," ಎಂದ ಬಾವುಟದಣ್ಣ.

ಕೋರ್ಟಿನಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಸೈನಿಕರದು ತಪ್ಪಿಲ್ಲ, ನನ್ನ ಗುರುತೇ ತಪ್ಪು, ಅಕ್ಕನಿಗೆ ಇನ್ನೊಂದು ವರ್ಷ ಅವಕಾಶ ಕೊಡಿ ಎಂದು ಕೈಮುಗಿದು ಕೇಳಿದ. ನಿಜ ಹೇಳಿದರೆ ಅಕ್ಕನಿಗೆ ಅನುಕೂಲವಾದೀತು ಎಂದುಕೊಂಡಿದ್ದ, ಪಾಪ. ಸೇನೆಯ ವಕೀಲ ಎದ್ದು ಒಂದೇ ಮಾತು ಹೇಳಿದ: "ಈತನನ್ನು ಆರಿಸಿದ್ದು ಅರ್ಜಿದಾರರೇ. ನಾವು ಆದೇಶವನ್ನು ಅಕ್ಷರಶಃ ಪಾಲಿಸಿದ್ದೇವೆ." ಅಲ್ಲಿಗೆ ಮುಗಿಯಿತು. ಆದೇಶ ರದ್ದಾಯಿತು. ಹಕ್ಕಿ ಮತ್ತೆ ಬಂದು ಗೂಡು ಮಾಡಿದರೆ ಹೊಸದಾಗಿ ಅರ್ಜಿ ಹಾಕಬಹುದು, ಮೊದಲಿನಿಂದ ಶುರು ಮಾಡಬೇಕು ಎಂದರು.

ಮೆಟ್ಟಿಲು ಇಳಿಯುವಾಗ ಅಕ್ಕ ಅವನ ಭುಜ ಹಿಡಿದುಕೊಂಡಳು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಂಡಳು.

"ಬೈದುಬಿಡು ಅಕ್ಕ."

"ಏನಂತ ಬೈಯ್ಲಿ?" ಎಂದಳು. ಬೈಗುಳ ಹುಡುಕಿ ಗೊತ್ತಿಲ್ಲದ ಅವಳ ಬಾಯಿಗೆ ಅವತ್ತು ಒಂದೂ ಸಿಗಲಿಲ್ಲ. ಅವಳು ಬೈದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮುಂದಿನ ವರ್ಷದ ಹೊತ್ತಿಗೆ ಅಕ್ಕನಿಗೆ ಬೇಲಿಯವರೆಗೆ ನಡೆಯಲು ಆಗುತ್ತಿರಲಿಲ್ಲ. ಎದೆ ದುರ್ಬಲವಾಗಿದೆ, ಏರುವುದು ಇಳಿಯುವುದು ಎಲ್ಲ ಬಿಡಬೇಕು ಎಂದಿದ್ದರು ಡಾಕ್ಟರು. ಬಾವುಟದಣ್ಣ ದಿನಾ ಕೆಲಸ ಮುಗಿಸಿ ಅವಳ ಮನೆಗೆ ಹೋಗಿ ಕೂತು ಬರುತ್ತಿದ್ದ. ಹಾಗಿರುವಾಗ ಒಂದು ಬೆಳಿಗ್ಗೆ ಮರಳಿನಲ್ಲಿ ಹಕ್ಕಿಗಳನ್ನು ಕಂಡ. ತುಂಬ ಏನಲ್ಲ, ನಾಲ್ಕಾರು ಜೊತೆ. ಟ್ಯಾಂಕಿನ ಪಟ್ಟಿ ಒತ್ತಿಹೋದ ಜಾಡಿನಲ್ಲೇ ಗುಳಿ ಮಾಡಿಕೊಂಡು ಮೊಟ್ಟೆ ಇಟ್ಟಿದ್ದವು.

ಅವನು ಕಮಾಂಡರ್ ಬಳಿಗೆ ಓಡಿದ. ಕಮಾಂಡರ್ ಕೆಟ್ಟವನಲ್ಲ, ಕೂರಿಸಿ ಮಾತಾಡಿಸಿದ. "ಆದೇಶ ತಂದುಕೊಡು, ಸೋಮವಾರದ ಟ್ಯಾಂಕು ಅಭ್ಯಾಸ ಇವತ್ತೇ ನಿಲ್ಲಿಸ್ತೀನಿ. ಆದೇಶ ಇಲ್ಲದೆ ನಾನು ಮೇಲಿನವರಿಗೆ ಏನಂತ ಹೇಳ್ಲಿ?" ಎಂದ. ಇದ್ದ ಆದೇಶ ಯಾರಿಂದ ಹೋಯಿತು ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಸಂಜೆ ಅಕ್ಕ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದಳು. ಅವನು ಬಂದು ಕೂತದ್ದೇ ಕೇಳಿದಳು:

"ಬಂದವೇನೋ?"

ಬಂದಿವೆ ಎಂದರೆ ಅವಳು ನಾಳೆಯೇ ವಕೀಲನಿಗೆ ಹೇಳಿ ಕಳಿಸುತ್ತಾಳೆ. ಆ ಮೆಟ್ಟಿಲು ಮತ್ತೆ ಹತ್ತುತ್ತಾಳೆ. ಆದೇಶ ಬರುವಷ್ಟು ಕಾಲ ಅವಳಿಗಿಲ್ಲ, ಆ ಮೊಟ್ಟೆಗಳಿಗಂತೂ ಸೋಮವಾರದ ಅಭ್ಯಾಸದವರೆಗೆ ಮಾತ್ರ ಕಾಲ.

"ಇಲ್ಲ ಅಕ್ಕ. ಈ ಸಲ ಬರಲಿಲ್ಲ."

ಅಕ್ಕ ತುಂಬ ಹೊತ್ತು ಅವನ ಮುಖವನ್ನೇ ನೋಡಿದಳು.

"ಒಳ್ಳೇದಾಯ್ತು ಬಿಡು," ಎಂದಳು. "ಬಂದಿದ್ರೆ ನಿನ್ನ ಹೆಸರೇ ಕೊಡ್ತಿದ್ದೆ ಮತ್ತೆ."