ಹರಿಗೋಲು ಗಲ್ಲಿಯ ನರಸವ್ವತ್ತೆ

ವರ್ಷಕ್ಕೊಮ್ಮೆ ನಮ್ಮ ಗಲ್ಲಿಯಲ್ಲಿ ಹರಿಗೋಲೊಂದು ಕಾಲು ಮೂಡಿದಂತೆ ನಡೆದು ಬರುತ್ತಿತ್ತು. ಬೋರಲು ಹಾಕಿದ ಆ ದೊಡ್ಡ ಬಿದಿರುಬುಟ್ಟಿಯ ಕೆಳಗೆ ಕಾಣುತ್ತಿದ್ದದ್ದು ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ಬೆಳ್ಳಿ ಕಡಗ, ಹೊಳೆಯ ಮಣ್ಣು ಮೆತ್ತಿದ ಪಾದ. ಒಳಗಿನಿಂದ ಬೈಗುಳ ಕೇಳಿಸುತ್ತಿತ್ತು. ಆ ಕಾಲೂ ಆ ಬೈಗುಳವೂ ನರಸವ್ವತ್ತೆಯವು.

ನಾನು ನಾರಾಯಣಪೇಟೆಯ ಮಗ್ಗದ ಮನೆಯಲ್ಲಿ ಹುಟ್ಟಿ, ಗದ್ವಾಲದ ಆಚೆ ಕೃಷ್ಣೆಯ ದಂಡೆಯ ಈ ಮೀನುಗಾರರ ಊರಿಗೆ ಸೊಸೆಯಾಗಿ ಬಂದವಳು. ನಮ್ಮವರದು ಗಲ್ಲಿಯ ಮೇಲ್ತುದಿಯಲ್ಲಿ ಕಿರಾಣಿ ಅಂಗಡಿ. ಬಂದ ಹೊಸದರಲ್ಲಿ ಮೂಗಿಗೆ ಸೆರಗು ಹಿಡಿದುಕೊಂಡೇ ಓಡಾಡುತ್ತಿದ್ದೆ. ಆ ನಡೆಯುವ ಹರಿಗೋಲನ್ನು ಮೊದಲ ಸಲ ನೋಡಿದಾಗ ಸೆರಗನ್ನೂ ಮರೆತು ನಡುಗಲ್ಲಿಯಲ್ಲಿ ನಿಂತುಬಿಟ್ಟೆ. ಅದು ನನ್ನ ಮುಂದೆ ಬಂದು ನಿಂತಿತು.

"ಯಾರವ್ವಾ ಅದು ಬೆಳ್ಳನ ಕಾಲು? ಪ್ಯಾಟಿ ಸೊಸಿ ಏನು? ಸರಿ ಅತ್ಲಾಗ! ಇವತ್ತು ಗಲ್ಲಿ ಅಳತಿ ಮಾಡೋ ದಿನ ಐತಿ."

ಮಿರುಗದ, ಅಂದರೆ ಮೃಗಶಿರೆಯ, ಮಳೆ ಕೂಡುವ ದಿನ ನಮ್ಮ ಕಡೆ ಮೀನು ತಿನ್ನದ ಮನೆ ಕಡಿಮೆ. ಗದ್ವಾಲ, ಐಜದಿಂದೆಲ್ಲ ಜನ ಬಂದು ಗಲ್ಲಿ ಗಿಜಿಗುಟ್ಟುತ್ತದೆ. ಅದರ ಹಿಂದಿನ ದಿನ ನರಸವ್ವತ್ತೆ ಹೊಳೆಯಿಂದ ಹರಿಗೋಲು ಹೊತ್ತು ಮೇಲಿನ ಹಣಮಪ್ಪನ ಗುಡಿಯವರೆಗೆ ಬರುತ್ತಿದ್ದಳು. ಅದು ಯಾರ ಗೋಡೆಗೂ ತಾಕಬಾರದು. ಯಾರದಾದರೂ ಕಟ್ಟೆಗೋ ಮೆಟ್ಟಿಲಿಗೋ ತಾಕಿತೆಂದರೆ ಅವರು ಹೊತ್ತು ಮುಳುಗುವುದರೊಳಗೆ ಅದನ್ನು ಒಡೆದು ಹಾಕಬೇಕು. ಹೊಳೆಗೆ ಹೆದರಿ ನಮ್ಮ ಗಲ್ಲಿಯ ಹೊಸ್ತಿಲುಗಳೆಲ್ಲ ಮೊಣಕಾಲಿಗಿಂತ ಎತ್ತರ, ಹರಿಗೋಲಿಗೆ ಹೆದರಿ ಮೆಟ್ಟಿಲು ಮಾತ್ರ ಒಂದಕ್ಕೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದು ಮೇಲಕ್ಕೆ ಜಿಗಿಯಬೇಕು. ಬಸುರಿಯಾಗಿದ್ದಾಗ ನಾನು ಈ ಗಲ್ಲಿ ಕಟ್ಟಿದವರಿಗೆ ಹಾಕಿದ ಶಾಪ ಅಷ್ಟಿಷ್ಟಲ್ಲ.

"ಹರಿಗೋಲು ಓರೆ ಮಾಡಿ ಒಯ್ದ್ರ ಆತಲ್ರೀ ಅತ್ತಿ? ಇಷ್ಟು ಅಗಲ ಯಾಕ ಬೇಕು?" ಎಂದು ಒಮ್ಮೆ ಕೇಳಿದೆ.

ಆಕೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ಕೆಳಗಿನ ಒಂದು ಹಳೆಯ ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕಿದ್ದ ಕಪ್ಪು ಗೆರೆ ತೋರಿಸಿದಳು. "ಇಲ್ಲಿತನಕ ಹೊಳಿ ಬಂದಿತ್ತು. ನಮ್ಮತ್ತಿ ಮ್ಯಾಳಗಿ ಮ್ಯಾಲ ಕುಂತಿದ್ಲು, ಕಂಕಳಾಗ ನನ್ನ ಗಂಡ, ಮೊಲಿ ಕುಡಿಯೋ ಕೂಸು. ಹರಿಗೋಲು ಇದೇ ಗಲ್ಲಿಯಾಗ ತೇಲಿ ಬಂದು ಮನಿ ಮನಿ ಮಂದೀನ ಇಳಿಸಿಕೊಂಡು ಹೋತು. ಮಂದಿ ಕೂಡಿಸಿಕೊಂಡು ಓರೆ ಮಾಡ್ತೀಯೇನ ನೀ? ಮಾಡು, ನೋಡೂನು!"

ಗಲ್ಲಿಯ ಚರಿತ್ರೆಯನ್ನು ನಾನು ಕಲಿತದ್ದೆಲ್ಲ ಹೀಗೆ ಬೈಸಿಕೊಂಡೇ. ಸೇತುವೆ ಬರುವ ಮೊದಲು ರಾಯಚೂರು ಸೀಮೆಗೆ ದಾಟುವವರೆಲ್ಲ ಈ ಗಲ್ಲಿಯಲ್ಲೇ ಇಳಿದು ಹರಿಗೋಲು ಹತ್ತುವ ಘಾಟಿಗೆ ಹೋಗಬೇಕಿತ್ತಂತೆ. ಗದ್ವಾಲದ ಸೀರೆ ಗಂಟು, ಶೇಂಗಾ ಚೀಲ, ಮದುವೆಯ ದಿಬ್ಬಣ, ನಿಜಾಮನ ಕಾಲದ ತಹಸೀಲ್ದಾರ, ಎಲ್ಲರೂ ಎಲ್ಲವೂ. ತಹಸೀಲ್ದಾರನ ಕುದುರೆ ಈ ಇಕ್ಕಟ್ಟಿನಲ್ಲಿ ತಿರುಗಲಾರದೆ ಹಿಂದುಹಿಂದಕ್ಕೆ ನಡೆದು ಮೇಲೆ ಬಂದದ್ದನ್ನು ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದಳು. ಆಗ ಆಕೆ ಹುಟ್ಟಿಯೇ ಇರಲಿಲ್ಲ. ಅದನ್ನು ಹೇಳಿದರೆ, "ನೀ ಕಂಡೀಯೇನು, ನಾ ಹುಟ್ಟಿದ್ದಿಲ್ಲ ಅಂತ?" ಎಂದು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದಳು.

ಸೇತುವೆ ಬಂದ ಮೇಲೆ ದಾಟುವವರ ಓಡಾಟ ನಿಂತಿತು. ಮೀನು ಉಳಿಯಿತು, ಬಲೆ ಉಳಿಯಿತು, ಅಳತೆ ಉಳಿಯಿತು. ಈ ಅಳತೆಗೆ ಸಿಕ್ಕಿ ಕೆಟ್ಟವನು ನರಸವ್ವತ್ತೆಯ ಎದುರು ಮನೆಯ ಗೌಂಡಿ ಬಸಣ್ಣ. ಊರವರಿಗೆಲ್ಲ ಮನೆ ಕಟ್ಟಿ ಕೊಡುವವನು. ಮಗನ ಲಗ್ನಕ್ಕೆಂದು ತನ್ನ ಬಾಗಿಲಿಗೆ ಶಾಬಾದಿ ಕಲ್ಲಿನ ಎರಡು ಮೆಟ್ಟಿಲು ಕಟ್ಟಿ, ಬಣ್ಣ ಹಚ್ಚಿ, ರಂಗೋಲಿ ಹಾಕಿಸಿದ್ದ. ಹರಿಗೋಲು ಬಂತು, ಠಕ್ಕೆಂದು ತಾಕಿತು. ನರಸವ್ವತ್ತೆಗೆ ಸಿಟ್ಟು ನೆತ್ತಿಗೇರಿದರೆ ಬಾಯಿ ತೆಲುಗಿಗೆ ಹೊರಳುತ್ತಿತ್ತು. "ತೀಸೆಯ್ ರಾ!" ಎಂದು ಒಳಗಿನಿಂದಲೇ ಗದರಿದಳು. ತೆಗೆದುಹಾಕು ಅಂತ.

"ಲಗ್ನ ಆಗಲಿ ಅಕ್ಕ, ಬೀಗರು ಬರೋರದಾರ. ಆಮ್ಯಾಲ ತಗಿತೀನಿ," ಎಂದು ಬಸಣ್ಣ ಕೈ ಮುಗಿದ.

"ಹೊಳಿಗೆ ಹೇಳ್ತೀಯೇನು, ಬೀಗರು ಬರ್ತಾರ, ಲಗ್ನ ಆದಮ್ಯಾಲ ಬಾ ಅಂತ?"

ಅವನು ತನ್ನ ಕೈಯಾರೆ ಕಟ್ಟಿದ್ದನ್ನು ತನ್ನ ಕೈಯಾರೆ ಒಡೆದ. ಬೀಗಿತ್ತಿ ಹೊಸ್ತಿಲು ಹತ್ತುವಾಗ ಎಡವಿ ಬಿದ್ದಳು, ಗಲ್ಲಿಗೆ ಗಲ್ಲಿಯೇ ನಕ್ಕಿತು. ಅಂದಿನಿಂದ ಬಸಣ್ಣ ನರಸವ್ವತ್ತೆಯ ಜೊತೆ ಮಾತು ಬಿಟ್ಟ. ಎದುರುಬದುರು ಬಾಗಿಲು, ಇಬ್ಬರೂ ಎದ್ದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಬೇಕು, ಆದರೂ ಎಷ್ಟೋ ವರ್ಷ ಒಂದು ಮಾತಿಲ್ಲ. ನನಗಂತೂ ಬಸಣ್ಣನದೇ ನ್ಯಾಯ ಅನ್ನಿಸುತ್ತಿತ್ತು.

ಕಡೆಗೆ ನರಸವ್ವತ್ತೆಯ ಮೊಣಕಾಲುಗಳೇ ಕೈಕೊಟ್ಟವು. ಹರಿಗೋಲು ಹೊರುವ ಕೆಲಸ ಆಕೆಯ ಮಗಳ ಗಂಡನ ಪಾಲಿಗೆ ಬಂತು, ಅವನು ಮಕ್ತಲದಿಂದ ಅದಕ್ಕೆಂದೇ ಬಂದು ಹೋಗುತ್ತಿದ್ದ. ಅತ್ತೆ ಬಾಗಿಲಲ್ಲಿ ಕೂತು ಬೈಯುತ್ತಿದ್ದಳು. ಆಮೇಲೆ ಹೊಸ್ತಿಲು ಇಳಿಯುವುದೂ ಆಗದಾಯಿತು. ಒಮ್ಮೆ ಇಳಿಯಲು ಹೋಗಿ ಬಿದ್ದು ಸೊಂಟ ಉಳುಕಿಸಿಕೊಂಡಳು. ಹೊಳೆ ನೋಡದೆ ಒಂದು ಹೊತ್ತೂ ಇರದವಳು ಇಡೀ ಬೇಸಿಗೆ ಪಡಸಾಲೆಯಲ್ಲೇ ಕಳೆದಳು. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು.

"ಒಂದು ಮೆಟ್ಲ ಹಾಕಿಸಿಕೊಳ್ರೀ ಅತ್ತಿ. ಯಾರು ಬ್ಯಾಡ ಅಂತಾರ?" ಎಂದೆ.

"ಎಲ್ಲಾರದೂ ಒಡಿಸಿದಾಕಿ, ನನಗೊಂದು ಬೇಕಂತ ಯಾವ ಬಾಯಿಲೆ ಕೇಳಲವ್ವಾ?"

ಹಲಗೆ ಇಟ್ಟು ತೆಗೆಯೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. "ಇವತ್ತು ನಂದೊಂದು ಹಲಗಿ, ನಾಳೆ ಎಲ್ಲಾರ ಬಾಗಲಕ್ಕೂ ಹಲಗಿ. ನೀರು ಬಂದಾಗ ತಗಿಯೋರ‍್ಯಾರು?"

ಮಗಳು ಲಕ್ಷ್ಮವ್ವ ಬಂದು ನೋಡಿ ಅತ್ತಳು. ಮಕ್ತಲದಲ್ಲಿ ಅವರದು ರಸ್ತೆಗೆ ಸಮನಾದ ಮನೆ, ಬರುವ ಸೋಮವಾರ ಆಟೋ ತಂದು ಕರೆದುಕೊಂಡು ಹೋಗುತ್ತೇನೆ ಎಂದಳು. ನರಸವ್ವತ್ತೆ ಹೂಂ ಎಂದಳು. ಬೈಯದೆ ಒಪ್ಪಿಕೊಂಡ ನರಸವ್ವತ್ತೆಯನ್ನು ನಾನು ಎಂದೂ ಕಂಡಿರಲಿಲ್ಲ. ಮಕ್ತಲದಲ್ಲಿ ಆಕೆ ಬದುಕುವುದಿಲ್ಲ ಅಂತ ನನಗೆ ಖಾತ್ರಿಯಾಗಿತ್ತು, ಹೇಳುವುದು ಯಾರಿಗೆ?

ಸೋಮವಾರ ಬೆಳಿಗ್ಗೆ ಆಟೋ ಬರುವ ಮೊದಲೇ ಗಲ್ಲಿಯಲ್ಲಿ ಕಲ್ಲು ಕುಟ್ಟುವ ಸದ್ದು ಕೇಳಿ ಓಡಿಹೋದೆ. ಬಸಣ್ಣ ಉಳಿ, ಸುತ್ತಿಗೆ ಹಿಡಿದು ನರಸವ್ವತ್ತೆಯ ಹೊಸ್ತಿಲನ್ನೇ ಒಡೆಯುತ್ತಿದ್ದ! ಒಳಗೆ ಮೂಟೆ ಕಟ್ಟಿಕೊಂಡು ಕೂತವಳು ತೆಲುಗಿನಲ್ಲಿ ಶುರುಮಾಡಿದ್ದಳು, ಅವನ ಏಳು ತಲೆಮಾರೂ ಬಂದು ಹೋದವು.

"ಸಾಕು ಮಾಡಕ್ಕ," ಎಂದ ಬಸಣ್ಣ, ತಲೆ ಎತ್ತದೆ. ಅಷ್ಟು ವರ್ಷಕ್ಕೆ ಅದೇ ಮೊದಲ ಮಾತು. "ನಿನ್ನ ಗಲ್ಲಿ ನಾ ಮುಟ್ಟಂಗಿಲ್ಲ. ನಿನ್ನ ಪಡಸಾಲ್ಯಾಗ ಒಂದೀಟು ಜಾಗ ಕೊಡು. ಬಾಗಲಾ ಒಳಗ ಸರಸ್ತೀನಿ, ಮೆಟ್ಲ ಒಳಗ ಕೂಡಸ್ತೀನಿ. ಹರಿಗೋಲು ಬೇಕಾದಂಗ ಹೋಗಲಿ."

ನರಸವ್ವತ್ತೆಯ ಬಾಯಿ ತೆಲುಗಿನಿಂದ ಕನ್ನಡಕ್ಕೆ ಹೊರಳಿತು. "ನೀರು ಒಳಗ ಬಂದ್ರ?"

"ಹೊಸ್ತಿಲ ಎತ್ತರ ಇದ್ದಷ್ಟ ಇರ್ತೈತಿ. ಹಿಂದಕ್ಕ ಸರೀತೈತಿ, ಅಷ್ಟ. ನಾ ಗೌಂಡಿ ಅದೀನಿ, ಮರ್ತೀಯೇನು?"

ಅಷ್ಟರಲ್ಲಿ ಲಕ್ಷ್ಮವ್ವ ಬಂದಳು. ಗಲ್ಲಿ ತುಂಬ ಧೂಳು, ಬಾಗಿಲು ಕಿತ್ತು ಗೋಡೆಗೆ ಒರಗಿಸಿದೆ, ಅವ್ವ ಒಳಗೆ ಮೂಟೆಯ ಮೇಲೆ ಕೂತು ಬಸಣ್ಣನಿಗೆ ಕಲ್ಲು ಎಲ್ಲಿ ಕೂಡಿಸಬೇಕೆಂದು ಹೇಳಿಕೊಡುತ್ತಿದ್ದಾಳೆ. "ಏನವ್ವಾ ಇದು? ಆಟೋ ನಿಂತೈತಿ!" ಎಂದಳು.

"ಆಟೋ ಕಳಿಸು. ಬಂದೀಯಲ್ಲ, ಸೆರಗು ಕಟ್ಟು, ಮಣ್ಣು ಹೊರು," ಎಂದಳು ನರಸವ್ವತ್ತೆ. ನಾನು ಅಲ್ಲೇ ಗೋಡೆಗೆ ಒರಗಿ ನಕ್ಕೆ, ನಗುತ್ತಾ ನಗುತ್ತಾ ಅತ್ತೂಬಿಟ್ಟೆ.

ಗಾರೆ ಒಣಗಿದ ದಿನ ಆಕೆ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಗಲ್ಲಿಗೆ ಬಂದಳು. ಬಸಣ್ಣನಿಗೆ ಒಂದು ಒಳ್ಳೆಯ ಮಾತು ಹೇಳಬಾರದೇ? ಅದಿಲ್ಲ. ಮೆಟ್ಟಿಲನ್ನು ಕಾಲಿನಿಂದ ತಟ್ಟಿ ನೋಡಿ, "ಚಾ ಕುಡದು ಹೋಗು," ಎಂದಳು.

"ಸಕ್ರಿ ಹೆಚ್ಚಿಗಿ ಹಾಕು," ಎಂದ ಅವನು.

ಮುಂದೆ ಒಂದೊಂದಾಗಿ ಉಳಿದವರೂ ಬಾಗಿಲು ಹಿಂದಕ್ಕೆ ಸರಿಸಿದರು. ನಮ್ಮ ಮನೆಗೂ ಬಸಣ್ಣನೇ ಮಾಡಿಕೊಟ್ಟ. ಕಿರಿದಾಗುತ್ತದೆ ಎಂದು ಆಕೆ ಜೀವಮಾನವಿಡೀ ಹೆದರಿದ ಗಲ್ಲಿ ಬಾಗಿಲು ಬಾಗಿಲಿಗೆ ಒಂದಿಷ್ಟು ಅಗಲವಾಯಿತು. ನರಸವ್ವತ್ತೆ ದಿನವಿಡೀ ಕೆಳಗಿನ ಮೆಟ್ಟಿಲ ಮೇಲೆ ಕೂತು ಹೋಗುವ ಬರುವ ಬುಟ್ಟಿಗಳನ್ನೆಲ್ಲ ಇಳಿಸಿ, ಮೀನಿನ ಕಿವಿರು ಎತ್ತಿ ನೋಡಿ, ಬೆಲೆ ಇಳಿಸಲು ಜಗ್ಗಾಡುತ್ತಿದ್ದಳು. ಕೊಳ್ಳುತ್ತಿದ್ದದ್ದು ಕಡಿಮೆ.

ಹೋದ ವರ್ಷ ಒಂದು ಬೆಳಿಗ್ಗೆ, ಹಾಗೆಯೇ ಒಂದು ಬುಟ್ಟಿ ಇಳಿಸಿ, "ನಿನ್ನಿ ಮೀನು ತಂದು ಇವತ್ತಿಂದು ಅಂತೀಯಲ್ಲೋ, ನಿನ್ನ..." ಎಂದು ಶುರುಮಾಡಿದವಳ ಮಾತು ಅಲ್ಲಿಗೇ ನಿಂತಿತು. ಉಳಿದ ಬೈಗುಳಕ್ಕೆಂದು ಮೀನಿನವನು ನಗುತ್ತಾ ಕಾದ. ಆಮೇಲೆ ಕೂಗಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಲಕ್ಷ್ಮವ್ವ ನನ್ನ ಪಕ್ಕದಲ್ಲಿ ಕೂತು ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಛಲೋ ಆತು ನೋಡ್ರಿ, ಅವತ್ತು ಆಟೋ ಖಾಲಿ ಹೋತು," ಎಂದಳು.