ಪೂಜೆಯಲ್ಲಿ ಬಂದ ನಗು

ಪುಂಡಿಪಲ್ಯದ ಎಲೆ ಬಿಡಿಸುತ್ತ ಕುಳಿತಿದ್ದೆ. ಹುಮನಾಬಾದಿಗೆ ಕೆಲಸಕ್ಕೆ ಹೋಗಿದ್ದ ನಮ್ಮ ಮನೆಯವರ ಫೋನು ಬಂತು.

"ರೇಡಿಯೋದಾಗ ಕಥಿ ಹೇಳತಿದ್ರಲ್ಲ, ಅವರು ತೀರಿಕೊಂಡ್ರಂತ. ಅವ್ವ ಏನ್ ಮಾಡಾಕತ್ತಾಳ?"

"ಪೂಜಾಕ್ಕ ಕುಂತಾರ್ರಿ."

"ಮುಗಿಯೋತನಕ ಹೇಳಬ್ಯಾಡ."

ಒಳಗೆ ಅತ್ತೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಿದ್ದರು. ಪೂಜೆ ಮುಗಿಯುವವರೆಗೆ ಅವರದು ಮೌನ. ಆಮೇಲೂ ಮಾತಾಡದಿದ್ದರೆ ಎಂಬುದೇ ನನ್ನ ಭಯ. ಮಾವ ತೀರಿಕೊಂಡಾಗ ಹಾಗೇ ಆಗಿತ್ತು. ಉಣ್ಣುತ್ತಿದ್ದರು, ಬತ್ತಿ ಹೊಸೆಯುತ್ತಿದ್ದರು, ಕರೆದರೆ ಹೂಂ ಎನ್ನುತ್ತಿದ್ದರು, ಅಷ್ಟೆ. ಗುಡಿಗೆ ಹೋದಾಗಲೆಲ್ಲ ಅವರು ಮಾತಾಡಲಿ ಎಂಬುದೊಂದನ್ನೇ ಬೇಡಿಕೊಂಡೆ. ದೊಡ್ಡದೇನೂ ಕೇಳಿರಲಿಲ್ಲ, ಅವರು ನನ್ನನ್ನು ಒಮ್ಮೆ ಬೈದಿದ್ದರೂ ಸಾಕಿತ್ತು.

ಒಂದು ಬೆಳಿಗ್ಗೆ ರೇಡಿಯೋದಲ್ಲಿ ಆ ಪುಣ್ಯಾತ್ಮರು ಎಮ್ಮೆಯ ಕಥೆ ಹೇಳುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಸಾಕು, ಎಮ್ಮೆ ಅದರ ಬೆನ್ನು ಹತ್ತಿ ಹಳ್ಳಿಖೇಡದ ಸಕ್ಕರೆ ಫ್ಯಾಕ್ಟರಿಯವರೆಗೂ ಹೋಗುತ್ತದೆ. ಹಿಂದೆ ಯಜಮಾನ ಓಡುತ್ತಾನೆ. ಕಬ್ಬು ತಿಂದು ತಿಂದು ಎಮ್ಮೆ ಉಬ್ಬಿದೆ, ಓಡಿ ಓಡಿ ಇವನು ಸೊರಗಿದ್ದಾನೆ. ಗೇಟಿನವನು ಕೇಳುತ್ತಾನೆ: "ನಿಮ್ಮಿಬ್ಬರಾಗ ಮಾಲಕ ಯಾರಪಾ?"

ಯಜಮಾನ ಅನ್ನುತ್ತಾನೆ: "ನನಗ್ಯಾಕ ಕೇಳ್ತೀರಿ, ಮುಂದ ಬಂದದ್ದಕ್ಕ ಕೇಳ್ರಿ."

ಲಿಂಗ ಅಂಗೈಯಲ್ಲಿದ್ದಂತೆಯೇ ಅತ್ತೆ ನಕ್ಕುಬಿಟ್ಟರು, ಹಣೆಯ ವಿಭೂತಿ ಉದುರುವಷ್ಟು. ಆಮೇಲೆ ಗಾಬರಿಯಾಗಿ, ಮತ್ತೆ ಸ್ನಾನ ಮಾಡಿ, ಮೊದಲಿನಿಂದ ಪೂಜೆ ಮಾಡಿದರು. ಮರುವಾರ ಅವರು ಪೂಜೆಗೆ ಕೂರುವ ಮುಂಚೆ, ರೇಡಿಯೋ ಬಂದ್ ಮಾಡಲೇನ್ರಿ ಎಂದು ಕೇಳಿದೆ.

"ಇರಲಿ ಬಿಡು. ಎರಡು ಸಲ ಪೂಜಾ ಮಾಡಿದ್ರ ಶಿವಾ ಬ್ಯಾಡ ಅಂತಾನೇನು?"

ಅಂದಿನಿಂದ ರೇಡಿಯೋದಲ್ಲಿ ಅವರ ಕಥೆ ಬರುವ ದಿನ ನಮ್ಮ ಮನೆಯಲ್ಲಿ ಪೂಜೆ ಎರಡು, ರೊಟ್ಟಿ ತಡ. ಯಾರೂ ತಕರಾರು ಮಾಡಲಿಲ್ಲ.

ಇವತ್ತು ಪೂಜೆ ಮುಗಿಸಿ ಬಂದ ಅತ್ತೆಗೆ ಸುದ್ದಿ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಗೆ ಒರಗಿ ಕುಳಿತರು. ಎಲೆ ಬಿಡಿಸಲು ನನಗೆ ಕೈ ಬರಲಿಲ್ಲ.

"ಅತ್ತಿ, ಏನರೆ ಮಾತಾಡ್ರಿ."

ಬಹಳ ಹೊತ್ತಿನ ಮೇಲೆ ಬಾಯಿ ತೆರೆದರು. "ನಿಮ್ಮ ಮಾವ ಎಮ್ಮಿ ಕಥಿ ಕೇಳೇ ಇಲ್ಲ. ಅವರು ಹೋದಮ್ಯಾಲ ಬಂದದ್ದು ಅದು. ಇನ್ನ ಅಲ್ಲೇ ಎದುರಿಗೆ ಕೂತು ಕೇಳ್ತಾರ ತಗೊ."

"ಹೌದ್ರಿ."

"ನಿಮ್ಮ ಮಾವಗ ಮೊದಲೇ ನಗು ಬರೂದು ತಡ. ಎರಡು ಸಲ ಹೇಳಬೇಕಾಗ್ತದ, ಪಾಪ."

ಇಬ್ಬರೂ ನಕ್ಕೆವು, ಅಳುತ್ತಲೇ ನಕ್ಕೆವು. ನನ್ನ ಶಿವ ಇಷ್ಟನ್ನು ಉಳಿಸಿಕೊಟ್ಟ.

ಅತ್ತೆ ಮೊಣಕಾಲು ಹಿಡಿದು ಎದ್ದರು. "ಆ ಕಥಿ ಹೇಳವ್ರ ಹೆಸರ್ಲೆ ಇವತ್ತ ಇನ್ನೊಂದು ಪೂಜಾ ಮಾಡ್ತೀನಿ. ರೊಟ್ಟಿ ತಡಾ ಆದ್ರ ಆಗಲಿ."

ಪಲ್ಯವನ್ನು ಬದಿಗೆ ಸರಿಸಿ, ಅವರ ಸ್ನಾನಕ್ಕೆ ನೀರು ಕಾಯಲಿಟ್ಟೆ.